ಇಳಿಯುವುದಕ್ಕೂ ಬಲ ಬೇಕು

1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನೆರೆದವರ ಮುಂದೆ ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟಂತೆ ನಿಲ್ಲಿಸಿ, ಒಂದೇ ಚೈನಿನಿಂದ ಜೋಡಿಸಿದ್ದರು. ಒಂದರ ಮೇಲೆ ದೊಡ್ಡ ಮೈಕಟ್ಟಿನ ಗಂಡಸು, ಇನ್ನೊಂದರ ಮೇಲೆ ಸಣ್ಣ ಮೈಯ ಹೆಂಗಸು. ಆತನ ಕೆಲಸ ಪೆಡಲ್ ತುಳಿಯುವುದು. ಅದರ ಎಳೆತಕ್ಕೆ ಆಕೆಯ ಪೆಡಲ್‌ಗಳು ಹಿಂದುಮುಂದಾಗಿ ತಿರುಗುತ್ತವೆ. ಆ ತಿರುಗುವಿಕೆಯನ್ನು ಕಾಲಿನಿಂದ ತಡೆಯುವುದಷ್ಟೇ ಆಕೆಯ ಕೆಲಸ. ಇಬ್ಬರ ಕಾಲಿನ ಮೇಲೂ ಬೀಳುವ ಬಲ ಒಂದೇ. ಆದರೂ ಸ್ವಲ್ಪ ಹೊತ್ತಿಗೆಲ್ಲ ಗಂಡಸು ಏದುಸಿರು ಬಿಡುತ್ತ ಸೋತ, ಹೆಂಗಸು ಆರಾಮವಾಗಿ ಕೂತಿದ್ದಳು. ಸಭೆಯೆಲ್ಲ ನಕ್ಕಿತಂತೆ. ಅಬಾಟ್, ಬ್ರೆಂಡಾ ಬಿಗ್ಲಂಡ್ ಮತ್ತು ರಿಚೀ ಎಂಬ ಮೂವರು ಶರೀರ ವಿಜ್ಞಾನಿಗಳು ಇಬ್ಬರೂ ಬಳಸುವ ಆಮ್ಲಜನಕವನ್ನು ಅಳೆದು ಕಂಡುಕೊಂಡಿದ್ದು ಇಷ್ಟು: ತಳ್ಳುವ ಕಾಲು ಉಣ್ಣುವ ಆಮ್ಲಜನಕದ ಒಂದು ಸಣ್ಣ ಪಾಲು ತಡೆಯುವ ಕಾಲಿಗೆ ಸಾಕು.

ಎತ್ತಿನ ಗಾಡಿ ಹೊಡೆದವರಿಗೆ ಇದು ಗೊತ್ತಿರುವ ಸಂಗತಿಯೇ. ಏರಿನಲ್ಲಿ ಎತ್ತು ಮುಂದಕ್ಕೆ ಬಾಗಿ ಎಳೆಯುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ. ಇಳಿಜಾರಿನಲ್ಲಿ ಅದೇ ಎತ್ತು ಕಾಲೂರಿ, ನೊಗವನ್ನು ಹಿಂದಕ್ಕೆ ತಡೆದು, ಗಾಡಿ ತನ್ನ ಮೇಲೆ ನುಗ್ಗದಂತೆ ನೋಡಿಕೊಳ್ಳುತ್ತದೆ. ಬೆಟ್ಟ ಹತ್ತಿಳಿದ ಮನುಷ್ಯರ ಅನುಭವವೂ ಬೇರೆಯಲ್ಲ. ಕುಮಾರಪರ್ವತ ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ಕಾಲು. ಸ್ನಾಯು ಕೆಲಸ ಮಾಡುವ ಬಗೆಯೇ ಎರಡು. ಮುದುಡುತ್ತ ತಳ್ಳುವುದು ಒಂದು, ಹಿಗ್ಗುತ್ತ ತಡೆಯುವುದು ಇನ್ನೊಂದು. ಹಿಮದ ಇಳಿಜಾರಿನಲ್ಲಿ ಸ್ಕೀ ಕಟ್ಟಿಕೊಂಡು ಇಳಿಯುವವರ ತೊಡೆ ಬಹುಪಾಲು ಎರಡನೆಯದನ್ನು ಮಾಡುತ್ತಿರುತ್ತದೆ. ಮನೆಯಲ್ಲಿಡುವ ವ್ಯಾಯಾಮದ ಯಂತ್ರಗಳು ಕಲಿಸುವುದು ಮೊದಲನೆಯದನ್ನು. ಚಳಿಗಾಲದ ಸ್ಕೀಯಿಂಗ್‌ಗೆಂದು ಯಂತ್ರದ ಮೇಲೆ ಮೈ ಹುರಿಗೊಳಿಸುವವರು ಎಡವುವುದು ಇಲ್ಲೇ.

ನಾನೂ ಎಡವಿದ್ದೆ. ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಅಕ್ಟೋಬರ್ ಕೊನೆಗೆ ಮರಗಳು ಬೋಳಾಗುತ್ತವೆ, ಸಂಜೆ ಐದಕ್ಕೆ ಕತ್ತಲಾಗುವ ದಿನಗಳು ಹತ್ತಿರ ಬರುತ್ತವೆ, ಜನ ಮನೆಯ ನೆಲಮಾಳಿಗೆಯ ದೀಪ ಹಾಕಿ ಯಂತ್ರದ ಮೇಲಿನ ಧೂಳು ಒರೆಸುತ್ತಾರೆ. ಮೊದಲ ಸಲ ಕೊಲರಾಡೊದ ಬೆಟ್ಟಗಳಿಗೆ ಹೋಗುವ ಮುಂಚೆ ನಾನು ಎರಡು ತಿಂಗಳು ದಿನಾ ಮುಕ್ಕಾಲು ಗಂಟೆ ನಿಂತ ಸೈಕಲ್ ತುಳಿದೆ. ನಾಡಿ ಇಳಿದಿತ್ತು, ತೂಕ ಇಳಿದಿತ್ತು, ಮೈ ಹಗುರವಾಗಿತ್ತು. ಬೆಟ್ಟದ ಮೇಲೆ ಮೊದಲ ದಿನ ಮಧ್ಯಾಹ್ನದೊಳಗೆ ತೊಡೆಯ ಮುಂಭಾಗ ಕಾದ ಕಬ್ಬಿಣದಂತೆ ಉರಿಯತೊಡಗಿತು. ಉಸಿರೇನೋ ನೆಟ್ಟಗೇ ಇತ್ತು. ತಿರುವಿನಲ್ಲಿ ಕಾಲು ಹೇಳಿದಂತೆ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ವಸತಿಗೃಹದ ಮೆಟ್ಟಿಲನ್ನು ಹಿಮ್ಮುಖವಾಗಿ, ಕಟಕಟೆ ಹಿಡಿದು ಇಳಿದೆ. ಎರಡು ತಿಂಗಳ ಶ್ರದ್ಧೆಯ ದುಡಿಮೆ ಏಕೆ ಕೈಕೊಟ್ಟಿತು ಎಂದು ತಿಳಿಯುವ ಹಟ ಹುಟ್ಟಿದ್ದು ಆ ಮೆಟ್ಟಿಲ ಮೇಲೆ.

ಸ್ಕೀಯಿಂಗ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಆಟಗಳಿವೆ. ಒಂದು ಆಲ್ಪೈನ್: ಕೇಬಲ್ ಕುರ್ಚಿಯಲ್ಲಿ ಮೇಲೆ ಹೋಗಿ, ಭೂಮಿಯ ಸೆಳೆತಕ್ಕೆ ಮೈಯೊಪ್ಪಿಸಿ, ಹಿಮ್ಮಡಿಯೂ ಕಟ್ಟಿದ ಗಟ್ಟಿ ಬೂಟಿನಲ್ಲಿ ತಿರುವು ಹಾಕುತ್ತ ಇಳಿಯುವುದು. ಇನ್ನೊಂದು ಕ್ರಾಸ್‌ಕಂಟ್ರಿ ಅಥವಾ ನಾರ್ಡಿಕ್: ಹಿಮ್ಮಡಿ ಬಿಟ್ಟ ಹಗುರ ಬೂಟಿನಲ್ಲಿ, ಎರಡು ಕೋಲು ಊರಿಕೊಂಡು, ಕಾಡಿನ ಹಾದಿಯಲ್ಲಿ ಏರು ತಗ್ಗು ದಾಟುತ್ತ ಮೈಲುಗಟ್ಟಲೆ ಸಾಗುವುದು. ಇದರಲ್ಲಿ ಗುಂಡಿಗೆ ಮತ್ತು ಶ್ವಾಸಕೋಶಗಳೇ ರಾಜ. ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದ ನಾರ್ವೆಯ ಬ್ಯೋರ್ನ್ ಡ್ಯಾಲಿಯ ದೇಹ ನಿಮಿಷಕ್ಕೆ ಪ್ರತಿ ಕಿಲೋ ತೂಕಕ್ಕೆ 96 ಮಿಲಿಲೀಟರ್ ಆಮ್ಲಜನಕ ಬಳಸುತ್ತಿತ್ತು ಎನ್ನುತ್ತಾರೆ. ನಡುವಯಸ್ಸಿನ ಸಾಮಾನ್ಯ ಗಂಡಸಿನದು ಅದರ ಅರ್ಧಕ್ಕೂ ಕಡಿಮೆ. ಈ ಎರಡು ಆಟಕ್ಕೆ ಒಂದೇ ಯಂತ್ರ, ಒಂದೇ ಅಭ್ಯಾಸ ಸಾಕೆಂದು ಅಂಗಡಿಯವರು ಹೇಳಿದರೆ ನಂಬಬಾರದು.

ಸ್ಕೀಯಿಂಗ್‌ಗೆಂದೇ ಹುಟ್ಟಿ ಲೋಕವೆಲ್ಲ ಹೆಸರಾದ ಮನೆಯ ಯಂತ್ರ ನನ್ನ ಈ ಸೀಮೆಯದೇ. ಮಿನ್ನೆಸೋಟದ ಚಾಸ್ಕಾ ಊರಿನ ಎಡ್ ಪಾಲ್ಸ್ ಮೆಕ್ಯಾನಿಕಲ್ ಎಂಜಿನಿಯರ್, ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಹಚ್ಚಿಕೊಂಡವರು. ಸ್ಕೀ ಸ್ಪರ್ಧೆಗೆ ತಯಾರಾಗಲು ಕೊರೆಯುವ ಚಳಿಯಲ್ಲಿ, ಕತ್ತಲ ರಸ್ತೆಯಲ್ಲಿ ಓಡಿ ಬೇಸತ್ತು, ಮನೆಯೊಳಗೇ ಸ್ಕೀ ಮಾಡುವಂತಾದರೆ ಎಂದುಕೊಂಡು 1975ರಲ್ಲಿ ಗ್ಯಾರೇಜಿನಲ್ಲಿ ಒಂದು ಯಂತ್ರ ಕಟ್ಟಿದರು. ಮೊದಲು ಅದಕ್ಕೆ ‘ನಾರ್ಡಿಕ್ ಜಾಕ್’ ಎಂದು ಹೆಸರಿತ್ತು, ಆಮೇಲೆ ‘ನಾರ್ಡಿಕ್‌ಟ್ರ್ಯಾಕ್’ ಆಯಿತು. ವ್ಯಾಪಾರದಲ್ಲಿ ಹೆಂಡತಿ ಫ್ಲಾರೆನ್ಸ್ ಜೊತೆಗಿದ್ದರು.

ನಮ್ಮ ನೆರೆಯವರೊಬ್ಬರ ನೆಲಮಾಳಿಗೆಯಲ್ಲಿ ಅದರ ಹಳೆಯ ಮಾದರಿ ಇದೆ. ಅದನ್ನು ಬಿಚ್ಚಿ ಎಣ್ಣೆ ಹಾಕುವಾಗ ಕೈಕೊಟ್ಟಿದ್ದೇನೆ, ಹಾಗಾಗಿ ಅದರ ಹೊಟ್ಟೆಯೊಳಗಿನದು ಗೊತ್ತು. ಎರಡು ಉದ್ದನೆಯ ಮರದ ಹಲಗೆಗಳು ಉರುಳೆಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತವೆ. ಉರುಳೆಯಲ್ಲಿ ಸೈಕಲ್ಲಿನ ಫ್ರೀವೀಲ್‌ನಂಥದೇ ಜಾಣ್ಮೆ: ಹಲಗೆ ಹಿಂದಕ್ಕೆ ಹೋಗುವಾಗ ಉರುಳೆ ಕಚ್ಚಿ, ಭಾರದ ಚಕ್ರವನ್ನು ತಿರುಗಿಸುತ್ತದೆ, ಮುಂದಕ್ಕೆ ಬರುವಾಗ ಕಚ್ಚು ಬಿಟ್ಟು ಸಡಿಲವಾಗಿ ಜಾರುತ್ತದೆ. ಚಕ್ರಕ್ಕೆ ಸುತ್ತಿದ ಪಟ್ಟಿಯನ್ನು ಬಿಗಿ ಮಾಡಿದರೆ ಕಾಲಿಗೆ ಭಾರ ಹೆಚ್ಚು. ಮುಂದಿನ ಕಂಬದ ಮೇಲೊಂದು ಸಣ್ಣ ರಾಟೆ, ಅದರ ಹಗ್ಗದ ಎರಡು ತುದಿ ಎರಡು ಕೈಗೆ. ಸೊಂಟಕ್ಕೆ ಆನಿಕೊಳ್ಳಲು ಒಂದು ಮೆತ್ತೆ. ಎಡಗಾಲು ಹಿಂದೆ ಹೋದಾಗ ಬಲಗೈ ಹಿಂದೆ ಬರಬೇಕು, ನಡೆಯುವಾಗ ಕೈ ಬೀಸುತ್ತೇವಲ್ಲ ಹಾಗೆ. ಕೇಳಲು ಸುಲಭ, ಹತ್ತಿ ನಿಂತರೆ ಹಾಗಲ್ಲ. “ಮೊದಲ ವಾರ ಹಗ್ಗ ಮುಟ್ಟಬೇಡ, ಕಾಲು ಕಲಿಯಲಿ. ಕಾಲಿಗೆ ತಾಳ ಸಿಕ್ಕಿತೆಂದರೆ ಕೈ ತಾನಾಗಿ ಬರುತ್ತದೆ” ಎಂದು ನೆರೆಯ ಹಿರಿಯರು ಹೇಳಿಕೊಟ್ಟರು. ಹಾಗೆಯೇ ಆಯಿತು. ತಾಳ ಸಿಕ್ಕ ಮೇಲೆ ಆ ಮರದ ಹಲಗೆಗಳ ಸದ್ದಿಗೆ ಮಗ್ಗದ ಲಾಳಿಯ ಓಟದಂಥ ಒಂದು ಹದವಿದೆ. ಕಾಲು, ಸೊಂಟ, ಬೆನ್ನು, ತೋಳು ಎಲ್ಲವೂ ಒಂದೇ ಹೊತ್ತಿಗೆ ದುಡಿಯುವುದರಿಂದ ಗುಂಡಿಗೆಗೆ ಬೀಳುವ ಕೆಲಸ ದೊಡ್ಡದು, ಯಾವ ಒಂದು ಕೀಲಿಗೂ ಏಟು ಬೀಳುವುದಿಲ್ಲ.

ಪಾಲ್ಸ್ ದಂಪತಿ 1986ರಲ್ಲಿ ಕಂಪನಿಯನ್ನು ಮಾರಿದರು. ಟೆಲಿವಿಷನ್ ಜಾಹೀರಾತಿನ ಅಲೆಯ ಮೇಲೆ 1990ರ ದಶಕದ ಮೊದಲ ವರ್ಷಗಳಲ್ಲಿ ಅದರ ವ್ಯಾಪಾರ ಮುಗಿಲು ಮುಟ್ಟಿತು. 1998ರಲ್ಲಿ ಕಂಪನಿ ದಿವಾಳಿ ಎದ್ದಿತು. ಹೆಸರು ಇನ್ನೊಬ್ಬರ ಕೈಗೆ ಹೋಗಿ, ಈಗ ಟ್ರೆಡ್‌ಮಿಲ್ಲು ಸೈಕಲ್ಲುಗಳ ಮೇಲೆ ಅಂಟಿಕೊಂಡಿದೆ. ಕಲಿಯಲು ತಾಳ್ಮೆ ಬೇಡುವ ಯಂತ್ರವನ್ನು, ಹತ್ತಿ ನಿಂತ ಕೂಡಲೇ ನಡೆಸಿಕೊಳ್ಳುವ ಯಂತ್ರಗಳು ಮೂಲೆಗೆ ತಳ್ಳಿದವು. ನನಗೆ ಇದು ನಿಜವಾಗಿಯೂ ದುಃಖದ ಸಂಗತಿ. ನಾರ್ಡಿಕ್ ಸ್ಕೀಯಿಂಗ್‌ಗೆ ಮೈ ತಯಾರು ಮಾಡಲು ಮನೆಯಲ್ಲಿಡಬಹುದಾದ ಅಷ್ಟು ಸರಳ ಸಾಧನ ಮತ್ತೆ ಬಂದಿಲ್ಲ.

ಅದಕ್ಕೆ ಹತ್ತಿರ ಬರುವುದು ವರ್ಮಾಂಟ್ ರಾಜ್ಯದ ಮಾರಿಸ್‌ವಿಲ್‌ನಿಂದ ಬಂದ ಸ್ಕೀಎರ್ಗ್. ಡಿಕ್ ಮತ್ತು ಪೀಟ್ ಡ್ರೈಸಿಗ್ಯಾಕರ್ ಎಂಬ ಅಣ್ಣತಮ್ಮಂದಿರು ದೋಣಿಯ ಹುಟ್ಟು ಮಾಡುತ್ತಿದ್ದವರು. 1981ರಲ್ಲಿ ಸೈಕಲ್ ಚಕ್ರವೊಂದನ್ನು ಇಟ್ಟು ಮನೆಯೊಳಗೆ ಹುಟ್ಟು ಹಾಕುವ ಯಂತ್ರ ಮಾಡಿದರು. 2009ರಲ್ಲಿ ಅದನ್ನೇ ನೆಟ್ಟಗೆ ನಿಲ್ಲಿಸಿದಂತೆ ಸ್ಕೀಎರ್ಗ್ ಬಂತು: ಮೇಲಿನಿಂದ ಎರಡು ಹಗ್ಗ, ಎರಡೂ ಕೈಯಿಂದ ಕೆಳಗೆ ಎಳೆಯಬೇಕು, ಒಳಗೆ ಗಾಳಿಪಂಖ ತಿರುಗುತ್ತದೆ. ಜೋರಾಗಿ ಎಳೆದಷ್ಟೂ ಗಾಳಿಯೇ ಎದುರು ನಿಲ್ಲುವುದರಿಂದ ಎಂಟು ವರ್ಷದ ಹುಡುಗಿಗೂ ಒಲಿಂಪಿಕ್ ಓಟಗಾರನಿಗೂ ಅದೇ ಯಂತ್ರ ನಡೆಯುತ್ತದೆ. ಕಾಲಿಗೆ ಇದರಲ್ಲಿ ಕೆಲಸ ಕಡಿಮೆ ಎಂಬುದೊಂದು ಕೊರತೆ.

ನಾರ್ಡಿಕ್‌ನವರು ಯಂತ್ರದ ಮೇಲೆ ಏನು ಮಾಡಬೇಕೆಂಬುದಕ್ಕೆ ನಾರ್ವೆಯ ಟ್ರೊಂಡ್‌ಹೈಮ್‌ನ ಸಂಶೋಧಕರು ಹೆಸರಾಗಿಸಿದ ‘ನಾಲ್ಕು-ನಾಲ್ಕು’ ಕ್ರಮವೇ ಸಾಕು. ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು, ಗುಂಡಿಗೆಯ ಗರಿಷ್ಠ ಬಡಿತದ 90ರಿಂದ 95 ಪ್ರತಿಶತ ತಲುಪುವಂತೆ ನಾಲ್ಕು ನಿಮಿಷ, ಆಮೇಲೆ ಮೂರು ನಿಮಿಷ ಹಗುರ. ಹೀಗೆ ನಾಲ್ಕು ಸಲ. ಆ ನಾಲ್ಕು ನಿಮಿಷದಲ್ಲಿ ಒಂದು ಪೂರ್ತಿ ವಾಕ್ಯ ಹೇಳಲಾಗಬಾರದು, ಆದರೆ ನಾಲ್ಕನೆಯ ಸಲವೂ ಮೊದಲಿನಷ್ಟೇ ವೇಗ ಉಳಿದಿರಬೇಕು. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ದಿನ ಇದು. ಉಳಿದ ದಿನ ಪಕ್ಕದವರೊಡನೆ ಮಾತಾಡುತ್ತ ಮಾಡುವಷ್ಟು ನಿಧಾನವಾಗಿ ನಲವತ್ತು ಐವತ್ತು ನಿಮಿಷ. ಎದೆನೋವು, ಬಿಪಿ, ಸಕ್ಕರೆ ಕಾಯಿಲೆ ಇರುವವರು, ಬಹುಕಾಲ ಮೈ ಬಗ್ಗಿಸದೇ ಇದ್ದವರು ವೈದ್ಯರನ್ನು ಕೇಳದೆ ಆ ವೇಗಕ್ಕೆ ಕೈಹಾಕಬಾರದು.

ಇನ್ನು ಆಲ್ಪೈನ್. ಇಲ್ಲೇ ಯಂತ್ರಗಳು ಕೈಚೆಲ್ಲುತ್ತವೆ. ಒಂದೊಂದಾಗಿ ಯೋಚಿಸಿ ನೋಡಿ. ಟ್ರೆಡ್‌ಮಿಲ್ಲಿನ ಮುಂಭಾಗ ಏರುತ್ತದೆ. ಕೆಲವೇ ಮಾದರಿಗಳಲ್ಲಿ ಅದು ಕೆಳಮುಖವಾಗುತ್ತದೆ, ಅದೂ ಹೆಸರಿಗೆ ಮಾತ್ರ. ಸೈಕಲ್ಲಿನಲ್ಲಿ ತಳ್ಳುವುದಷ್ಟೇ, ತಡೆಯುವುದೆಂಬುದೇ ಇಲ್ಲ. ಹುಟ್ಟು ಹಾಕುವ ಯಂತ್ರದಲ್ಲಿ ಬಲ ಬೀಳುವುದು ಕಾಲು ಚಾಚುವಾಗ, ಮಡಚಿ ಮುಂದೆ ಬರುವಾಗ ಅಲ್ಲ. ಮೆಟ್ಟಿಲಿನ ಯಂತ್ರದಲ್ಲಿ ಮೆಟ್ಟಿಲೇ ಕೆಳಗೆ ಸರಿಯುತ್ತದೆ, ನೀವು ಹತ್ತುತ್ತಲೇ ಇರುತ್ತೀರಿ. ಯಂತ್ರಗಳ ಲೋಕದಲ್ಲಿ ಎಲ್ಲರೂ ಹತ್ತುತ್ತಾರೆ, ಯಾರೂ ಇಳಿಯುವುದಿಲ್ಲ.

ಇಳಿಯುವಾಗ ಒಳಗೆ ನಡೆಯುವುದು ಬೇರೆಯೇ. ಸ್ನಾಯುವಿನ ಎಳೆಯೊಳಗೆ ಸಾವಿರಾರು ಕೊಕ್ಕೆಗಳು ಎದುರಿನ ದಾರವನ್ನು ಹಿಡಿದು ಎಳೆಯುತ್ತವೆ. ತಳ್ಳುವಾಗ ಪ್ರತಿ ಕೊಕ್ಕೆಯೂ ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಪ್ರತಿ ಬಿಡುವಿಕೆಗೂ ಶಕ್ತಿ ಖರ್ಚು. ತಡೆಯುವಾಗ ಹೊರಗಿನ ಭಾರವೇ ಕೊಕ್ಕೆಗಳನ್ನು ಕೀಳುತ್ತದೆ, ಖರ್ಚು ಕಡಿಮೆ. ಲಂಡನ್ನಿನ ಹೆಂಗಸಿಗೆ ಉಸಿರು ಹತ್ತದಿದ್ದುದು ಇದಕ್ಕೆ. ಆದರೆ ಅಷ್ಟೇ ಭಾರಕ್ಕೆ ದೇಹ ಕಡಿಮೆ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ, ಹಾಗಾಗಿ ಒಂದೊಂದು ಎಳೆಯ ಮೇಲೆ ಬೀಳುವ ಹೊರೆ ಹೆಚ್ಚು. ಅಭ್ಯಾಸವಿಲ್ಲದ ಎಳೆಗಳಲ್ಲಿ ಸಣ್ಣ ಸಣ್ಣ ಸೀಳು ಬೀಳುತ್ತವೆ. ಭಾರದ ಹೊರೆಯನ್ನು ಹಗ್ಗ ಹಿಡಿದು ಮೆಲ್ಲಗೆ ಇಳಿಬಿಡುವಾಗ ಉಸಿರು ಕಟ್ಟುವುದಿಲ್ಲ, ಅಂಗೈ ಸುಡುತ್ತದೆ. ಸ್ನಾಯುವಿನ ಆ ಸೀಳುಗಳ ನೋವು ಅವತ್ತೇ ಅಷ್ಟಾಗಿ ತಿಳಿಯುವುದಿಲ್ಲ, ಎರಡನೆಯ ಮೂರನೆಯ ದಿನ ತುತ್ತತುದಿಗೆ ಏರುತ್ತದೆ. ವಾರದ ರಜೆ ಹಾಕಿ ಬಂದವರ ಮೂರನೆಯ ದಿನ ಹಾಳಾಗುವುದು ಹೀಗೆ.

ಇದರ ಜೊತೆಗೇ ದೇಹ ಒಂದು ದೊಡ್ಡ ಕೃಪೆ ತೋರುತ್ತದೆ. ಒಮ್ಮೆ ಈ ಬಗೆಯ ಕೆಲಸ ಮಾಡಿ ನೋವುಂಡ ಸ್ನಾಯು, ಮುಂದಿನ ಹಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಒಂದೇ ಒಂದು ಸಲದ ಅಭ್ಯಾಸಕ್ಕೂ ಈ ಗುಣವಿದೆ. ಅಂದರೆ ಬೆಟ್ಟದ ಮೇಲೆ ಉಣ್ಣಬೇಕಾದ ನೋವನ್ನು ಮನೆಯಲ್ಲೇ, ಸ್ವಲ್ಪ ಸ್ವಲ್ಪವಾಗಿ, ಮುಂಗಡವಾಗಿ ಉಂಡು ಮುಗಿಸಬಹುದು. ಎರಡನೆಯ ವರ್ಷ ನಾನು ಮಾಡಿದ್ದು ಅಷ್ಟೇ.

ಸೈಕಲ್ ಬಿಡಲಿಲ್ಲ. ಅದರ ಬಳಕೆ ಬದಲಿಸಿದೆ. ನನ್ನಂಥವರು ಬೆಟ್ಟದಲ್ಲಿ ಒಂದೇ ಉಸಿರಿಗೆ ಇಳಿಯುವುದು ಒಂದೆರಡು ನಿಮಿಷ, ಆಮೇಲೆ ನಿಲ್ಲುತ್ತೇವೆ. ಅದಕ್ಕೆ ತಕ್ಕಂತೆ ಒಂದು ನಿಮಿಷ ಬಿರುಸು, ಎರಡು ನಿಮಿಷ ಹಗುರ, ಹೀಗೆ ಎಂಟು ಸಲ, ವಾರಕ್ಕೆರಡು ದಿನ. ಮುಕ್ಕಾಲು ಗಂಟೆಯ ಒಂದೇ ಸಮನೆ ತುಳಿತಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬಂತು. ಇನ್ನೆರಡು ದಿನ ಯಂತ್ರವಿಲ್ಲ. ಯಂತ್ರದ ಬಳಿಗೆ ಇಳಿಯುವ ನೆಲಮಾಳಿಗೆಯ ಹದಿಮೂರು ಮೆಟ್ಟಿಲು. ಹತ್ತುವುದು ಹೇಗಾದರೂ ಸರಿ, ಇಳಿಯುವುದು ಮಾತ್ರ ಮೆಲ್ಲಗೆ. ಮೇಲಿನ ಕಾಲಿನ ಮಂಡಿ ಪಾದದ ಬೆರಳಿನ ನೇರಕ್ಕೇ ಬಾಗಬೇಕು, ಒಳಗೆ ವಾಲಬಾರದು, ಕೆಳಗಿನ ಪಾದ ಸದ್ದಿಲ್ಲದೆ ಮೆಟ್ಟಿಲು ಮುಟ್ಟಬೇಕು. ಒಂದೊಂದು ಮೆಟ್ಟಿಲಿಗೆ ಮೂರು ಎಣಿಕೆ.

ಆಮೇಲೆ ಬಸ್ಕಿ. ಗರಡಿಯ ಬಸ್ಕಿಗೆ ಇಡೀ ಜಿಮ್ಮೇ ಸಾಟಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಕೀಯಿಂಗ್‌ಗೆ ಅದನ್ನು ನಿಧಾನ ಮಾಡಬೇಕು: ನಾಲ್ಕು ಎಣಿಸುತ್ತ ಇಳಿದು, ತೊಡೆ ನೆಲಕ್ಕೆ ಸಮನಾಗುವ ಮುಂಚೆ ಒಂದು ಕ್ಷಣ ತಡೆದು, ಎದ್ದು ನಿಲ್ಲುವುದು. ಹತ್ತರಂತೆ ಮೂರು ಸುತ್ತು. ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆಯೆಂದು ಕೂರಿಸುತ್ತಿದ್ದರಲ್ಲ, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ, ಅದು ಸ್ಕೀ ಇಳಿತದ ನಿಲುವಿಗೆ ಬಹಳ ಹತ್ತಿರ. ಮೂವತ್ತು ಸೆಕೆಂಡಿನಿಂದ ಹಿಡಿದು ತೊಂಬತ್ತಕ್ಕೆ ಒಯ್ಯಬಹುದು. ಮನೆಯಲ್ಲಿ ಕಾಲಿನಿಂದ ಭಾರ ತಳ್ಳುವ ಲೆಗ್‌ಪ್ರೆಸ್ ಇದ್ದವರಿಗೆ ಒಂದು ಉಪಾಯವಿದೆ: ಎರಡೂ ಕಾಲಿನಿಂದ ತಳ್ಳಿ, ಒಂದೇ ಕಾಲಿನಿಂದ ಮೆಲ್ಲಗೆ ಇಳಿಸುವುದು. ತಳ್ಳುವ ಯಂತ್ರ ಹೀಗೆ ತಡೆಯುವ ಯಂತ್ರವಾಗುತ್ತದೆ. ಭಾರ ಮೊದಲು ಕಡಿಮೆಯೇ ಇರಲಿ. ತೊಡೆಯ ಹಿಂಭಾಗವನ್ನೂ ಮರೆಯಬಾರದು. ಮಂಡಿಯನ್ನು ಹಿಂದಿನಿಂದ ಹಿಡಿದಿಡುವುದು ಅದು. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಒಂದೇ ಕಾಲೂರಿ ಸೊಂಟ ಎತ್ತಿ ನಿಧಾನ ಇಳಿಸಿದರೆ ಅದಕ್ಕೆ ಸಾಕಷ್ಟು ಕೆಲಸ.

ಎಂಟು ವಾರ ಮುಂಚೆ ಶುರುಮಾಡಿ, ಕೊನೆಯ ಐದು ದಿನ ತೊಡೆಗೆ ಬಿಡುವು. ಆ ವರ್ಷ ಮೂರನೆಯ ದಿನ ಮಧ್ಯಾಹ್ನವೂ ತಿರುವಿನಲ್ಲಿ ಕಾಲು ನನ್ನ ಮಾತು ಕೇಳಿತು.

ಗಟ್ಟಿ ಕಾಲಿದ್ದರೆ ಮಂಡಿ ಉಳಿಯಿತು ಎಂದುಕೊಳ್ಳುವುದು ಮಾತ್ರ ಅಪಾಯ. ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಕೀಲು ಮಂಡಿಯೇ. ಕಾರ್ಲ್ ಎಟ್ಲಿಂಗರ್, ರಾಬರ್ಟ್ ಜಾನ್ಸನ್, ಜ್ಯಾಸ್ಪರ್ ಶೀಲಿ ಎಂಬ ಮೂವರು ವರ್ಮಾಂಟ್‌ನ ಶುಗರ್‌ಬುಷ್ ಬೆಟ್ಟದಲ್ಲಿ 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ಮಂಡಿಯೊಳಗಿನ ಲಿಗಮೆಂಟ್ ಹರಿಯುವ ಬೀಳುವಿಕೆಗೆ ಒಂದು ಖಚಿತ ಚಹರೆಯಿದೆ ಎಂದು ಅವರು ಕಂಡರು: ಹಿಂದಕ್ಕೆ ವಾಲಿ ಕೂತಂತಾಗುತ್ತದೆ, ಸೊಂಟ ಮಂಡಿಗಿಂತ ಕೆಳಗಿಳಿಯುತ್ತದೆ, ಭಾರವೆಲ್ಲ ಕೆಳಬದಿಯ ಸ್ಕೀಯ ಬಾಲದ ಒಳಅಂಚಿಗೆ ಬೀಳುತ್ತದೆ, ಆ ಬಾಲವೇ ಸನ್ನೆಕೋಲಿನಂತೆ ಮಂಡಿಯನ್ನು ತಿರುಚುತ್ತದೆ. ಇದನ್ನು ವಿಡಿಯೋದಲ್ಲಿ ತೋರಿಸಿ, ತಪ್ಪಿಸಿಕೊಳ್ಳುವುದನ್ನು ಕಲಿಸಿದ ಮೇಲೆ ಸ್ಕೀ ಗಸ್ತಿನವರು ಮತ್ತು ಶಿಕ್ಷಕರಲ್ಲಿ ಗಂಭೀರ ಮಂಡಿ ಪೆಟ್ಟು 62 ಪ್ರತಿಶತ ಇಳಿಯಿತೆಂದು 1995ರಲ್ಲಿ ಪ್ರಕಟಿಸಿದರು. ಯಾವ ಯಂತ್ರವೂ ಕೊಡದ ರಕ್ಷಣೆ ಇದು. ಬೀಳುತ್ತಿದ್ದೇನೆ ಅನ್ನಿಸಿದಾಗ ಕೈ ಮುಂದಕ್ಕೆ ಚಾಚಿ, ಎರಡು ಪಾದ ಹತ್ತಿರ ತನ್ನಿ. ಬಿದ್ದ ಮೇಲೆ ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಲು ಹೋಗಬೇಡಿ. ತೊಡೆ ನಡುಗುವುದು ಶುರುವಾದರೆ ‘ಇನ್ನೊಂದೇ ಸಲ’ ಅನ್ನಬೇಡಿ. ಸೋತ ತೊಡೆ ಮೈಯನ್ನು ಹಿಂದಕ್ಕೆ ವಾಲಿಸುತ್ತದೆ, ಹಿಂದಕ್ಕೆ ವಾಲಿದ ಮೈಗೆ ಆಗುವುದೇನೆಂದು ಈಗ ಹೇಳಿದೆನಲ್ಲ.

ಕರ್ನಾಟಕದಿಂದ ಗುಲ್ಮರ್ಗ್‌ಗೆ, ಔಲಿಗೆ ಸ್ಕೀ ಕಲಿಯಲು ಹೋಗುವವರಿದ್ದಾರೆ. ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ದೇಶದ ಪರವಾಗಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಡಿದ್ದಾರೆ. ಗುಲ್ಮರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಹಿಮ ಬೀಳದ ಊರಿನ ಮೈಯೂ ಹಿಮಕ್ಕೆ ಹದವಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೆಂಗಳೂರಿನ ಬಹುಮಹಡಿ ಅಪಾರ್ಟ್‌ಮೆಂಟಿನಲ್ಲಿ ಇರುವವರು ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಲಿಫ್ಟ್ ಪಕ್ಕದ ಬಾಗಿಲು ತೆಗೆದು ನೋಡಲಿ. ತೈವಾನಿನಲ್ಲಿ ವಯಸ್ಸಾದ, ಮೈತೂಕ ಹೆಚ್ಚಿದ್ದ ಹೆಂಗಸರ ಒಂದು ಗುಂಪು ವಾರಕ್ಕೆರಡು ದಿನದಂತೆ 12 ವಾರ ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಿನಲ್ಲಿ ಇಳಿಯಿತು, ಇನ್ನೊಂದು ಗುಂಪು ಹತ್ತಿ ಲಿಫ್ಟಿನಲ್ಲಿ ಇಳಿಯಿತು. ಕಾಲಿನ ಬಲ ಹೆಚ್ಚು ಬೆಳೆದದ್ದು ಇಳಿದವರಿಗೆ; 2017ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಮೊದಲ ದಿನ ಐದು ಮಹಡಿ, ಎರಡು ದಿನ ಬಿಟ್ಟು ಎಂಟು, ಹೀಗೆ ಏರಿಸಿಕೊಂಡು ಹೋದರೆ ಸಾಕು. ಎತ್ತರದ ತೆಳು ಗಾಳಿಗೆ ಮಾತ್ರ ಮನೆಯಲ್ಲಿ ತಯಾರಿಯಿಲ್ಲ. ಗುಲ್ಮರ್ಗ್ ಊರೇ 2,650 ಮೀಟರ್ ಎತ್ತರ, ಗೊಂಡೋಲಾದ ತುದಿ ಸುಮಾರು 3,980. ಹೋದ ಮೊದಲೆರಡು ದಿನ ತಗ್ಗಿನ ಇಳಿಜಾರಿನಲ್ಲೇ ಇದ್ದು, ನೀರು ಹೆಚ್ಚು ಕುಡಿದು, ಚೆನ್ನಾಗಿ ನಿದ್ದೆ ಮಾಡಿದರೆ ಮೂರನೆಯ ದಿನದ ಮೈ ಬೇರೆಯೇ ಇರುತ್ತದೆ.

ನೆರೆಯ ಹಿರಿಯರು ಪ್ರತಿ ಫೆಬ್ರವರಿ ಕೊನೆಗೆ ಪಕ್ಕದ ವಿಸ್ಕಾನ್ಸಿನ್‌ನಲ್ಲಿ ನಡೆಯುವ ಅಮೆರಿಕನ್ ಬಿರ್ಕೆಬೈನರ್‌ಗೆ ಹೋಗುತ್ತಾರೆ. ಕೇಬಲ್ ಎಂಬ ಊರಿನಿಂದ ಹೇವರ್ಡ್‌ವರೆಗೆ ಸುಮಾರು 50 ಕಿಲೋಮೀಟರ್ ಹಿಮದ ಹಾದಿ, 1973ರಿಂದ ನಡೆದುಬಂದ ಓಟ. 2024ರಲ್ಲಿ ಇಲ್ಲಿ ಚಳಿಗಾಲವೇ ಸರಿಯಾಗಿ ಬರಲಿಲ್ಲ. ಕೃತಕ ಹಿಮ ಹಾಸಿ, 10 ಕಿಲೋಮೀಟರಿನ ಸುತ್ತಿನಲ್ಲಿ ಓಡಿಸಬೇಕಾಯಿತು. ಅಂಥ ವರ್ಷಗಳಲ್ಲಿ ಅಭ್ಯಾಸದ ಹಿಮವೆಲ್ಲ ನೆಲಮಾಳಿಗೆಯಲ್ಲೇ. ಈ ವಾರ ಅವರ ಕಿಟಕಿಯ ಕೆಳಗೆ ಎಲೆ ಗುಡಿಸುವಾಗ ಒಳಗಿನಿಂದ ಮರದ ಹಲಗೆಗಳ ಸದ್ದು ಕೇಳಿತು. ನಾಲ್ಕು ನಿಮಿಷ ಬಿರುಸು, ಮೂರು ನಿಮಿಷ ನಿಧಾನ. ಪೊರಕೆ ಒರಗಿಸಿಟ್ಟು ನಾನೂ ನಮ್ಮ ಮೆಟ್ಟಿಲಿಗೆ ಹೋದೆ.